ಚೆಡುಗುಡು ಬಯಲಿನ ಕಲ್ಲು

ಮೊನ್ನೆ ಸೊಸೆ ಹುಣಸೆಬೀಜ ಹುರಿಯುತ್ತಿದ್ದಳು. ಆ ಕಮರು ವಾಸನೆ ಹಜಾರದವರೆಗೆ ಬಂತು ನೋಡಿ, ನಮ್ಮ ಎದುರುಮನೆ ದೊಡ್ಡಮ್ಮ ಬಂದು ಪಕ್ಕದಲ್ಲೇ ಕೂತ ಹಾಗಾಯಿತು. ನಲ್ಲೂರು ಹುಣಸೆ ತೋಪಿನ ಬೀಜ ಅವಳ ಮಡಿಲಲ್ಲಿ ಯಾವಾಗಲೂ ಇರುತ್ತಿತ್ತು. ಕಟುಮ್ ಎಂದು ಕಡಿಯುವಳು, ಸಿಪ್ಪೆ ಉಗಿಯುವಳು, ಮತ್ತೆ ಆಟದ ಕಡೆ ತಿರುಗಿ ಕೂಗುವಳು...

ಅದು ಯುದ್ಧದ ಕಾಲ. ದೇವನಹಳ್ಳಿ ಪಕ್ಕದ ಆ ಊರಿಗೆ ನಾನು ಸೊಸೆಯಾಗಿ ಹೋಗಿ ವರ್ಷವೂ ತುಂಬಿರಲಿಲ್ಲ. ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ, ಗಂಡ ಸತ್ತು ಎಷ್ಟೋ ಕಾಲವಾಗಿತ್ತು. ಆತ ಸೀಮೆಗೇ ಹೆಸರಾದ ಚೆಡುಗುಡು ಆಟಗಾರ, ಈಗ ಕಬಡ್ಡಿ ಅನ್ನುತ್ತಾರಲ್ಲ, ಅದೇ. ಗೆರೆ ದಾಟಿ ಹೋದರೆ, ಒಂದೇ ಉಸಿರಿನಲ್ಲಿ ಚೆಡುಗುಡು ಚೆಡುಗುಡು ಎನ್ನುತ್ತಾ ಮೂವರನ್ನು ಮುಟ್ಟದೆ ಹಿಂದಿರುಗುತ್ತಿರಲಿಲ್ಲವಂತೆ. ಅವನ ಮೇಲಿನ ಮರ್ಯಾದೆಗೆ ಊರಿನವರು ಅವಳನ್ನು ಬಯಲಂಚಿನ ಒಂದು ಕಲ್ಲಿನ ಮೇಲೆ ಕೂರಲು ಬಿಟ್ಟಿದ್ದರು. ಮದುವೆ ಚಪ್ಪರದಲ್ಲಿ ಅವಳು ಮುಂದೆ ಬರುವಂತಿಲ್ಲ, ಆರತಿ ತಟ್ಟೆ ಮುಟ್ಟುವಂತಿಲ್ಲ. ಆದರೆ ಸಂಜೆ ಹೊತ್ತು ಆ ಕಲ್ಲು ಅವಳದು. ಅಲ್ಲಿ ಕೂತು ಊರ ಗಂಡಸರನ್ನೆಲ್ಲ ಬಾಯ್ತುಂಬ ಬೈಯಬಹುದಿತ್ತು! ಅವಳಿಗೆ ಜೊತೆ ಎಂಬ ನೆಪದಲ್ಲಿ ನಾನೂ ಹೋಗುತ್ತಿದ್ದೆ. ಹೊಸಿಲು ದಾಟಲು ನನಗೂ ಬೇರೆ ದಾರಿ ಇರಲಿಲ್ಲ.

ಅಷ್ಟರಲ್ಲಿ ರಸ್ತೆ ಪಕ್ಕದ ಬೀಳು ನೆಲದಲ್ಲಿ ಅಮೆರಿಕಾ ಸಿಪಾಯಿಗಳ ಡೇರೆಗಳು ಎದ್ದವು. ಕೆಲಸ ಮುಗಿಸಿ ಅವರು ದೊಣ್ಣೆ ಹಿಡಿದು ಚೆಂಡಾಟಕ್ಕೆ ಇಳಿಯುತ್ತಿದ್ದರು. ಊರಿಗೆ ಊರೇ ಅತ್ತ ಹೋಯಿತು. ನೋಡುವವರು ಹೋದರು ಅಂತ ಆಡುವವರೂ ಹೋದರು. ಚೆಡುಗುಡು ಬಯಲಲ್ಲಿ ನಾಯಿ ಮಲಗಿತು. ದೊಡ್ಡಮ್ಮನ ಮೈದುನನಿಗೆ ಇದೇ ಬೇಕಿತ್ತು. ಅತ್ತಿಗೆ ಬಯಲಲ್ಲಿ ಕೂತು ಕೂಗಾಡುವುದು ಅವನಿಗೆ ಎಂದೂ ಹಿಡಿಸಿರಲಿಲ್ಲ.

"ಆಟ ನಿಂತೋಯ್ತಲ್ಲ ಅತ್ಗೆ, ಇನ್ನು ಒಳಗಿರಿ. ಆ ಕಲ್ಲನ್ನ ಕೊಟ್ಟಿಗೆಗೆ ಹಾಕುಸ್ತೀನಿ," ಅಂದ.

"ಹಾಕ್ಸಪ್ಪ. ನಾನು ಅದ್ರ ಮೇಲೇ ಕೂತಿರ್ತೀನಿ, ಇಬ್ರನ್ನೂ ಒಟ್ಟಿಗೇ ಎತ್ಕೊಂಡೋಗು," ಅಂದಳು ದೊಡ್ಡಮ್ಮ.

ಮಾರನೆಯ ಸಂಜೆ ನನ್ನ ಕೈ ಹಿಡಿದು ಎಳೆದುಕೊಂಡು ನೇರ ಡೇರೆಗಳ ಕಡೆಗೇ ನಡೆದಳು. "ಹೊಸದ್ರಲ್ಲಿ ಅಗಸ ಎತ್ತೆತ್ತಿ ಒಗೆದ್ನಂತೆ. ಅದೇನು ಅಂಥಾ ಆಟ, ನೋಡೇಬಿಡಾನ ಬಾ ಮಗಾ." ಅವಳ ಬಾಯಿಗೆ ಹೆದರಿ ಜನ ಜಾಗ ಬಿಟ್ಟರು.

ನನಗೆ ಆ ಆಟದ ತಲೆಬುಡ ತಿಳಿಯಲಿಲ್ಲ. ಒಬ್ಬ ದೊಣ್ಣೆಯಲ್ಲಿ ಬಾರಿಸುತ್ತಿದ್ದ, ಇನ್ನೊಬ್ಬ ನೆಲಕ್ಕೆ ಹಾಸಿದ ಗೋಣಿಯಿಂದ ಗೋಣಿಗೆ ಓಡುತ್ತಿದ್ದ. ಒಮ್ಮೆ ಹಾಗೆ ಓಡುತ್ತಿದ್ದ ಉದ್ದನೆಯ ಸಿಪಾಯಿ ಎರಡು ಗೋಣಿಗಳ ನಡುವೆ ಸಿಕ್ಕಿಬಿದ್ದ. ಆ ಕಡೆಯಿಂದಿಬ್ಬರು, ಈ ಕಡೆಯಿಂದಿಬ್ಬರು ಮುತ್ತಿಕೊಂಡರು. ಮುಟ್ಟಿದರೆ ಮುಗಿಯಿತು! ದೊಡ್ಡಮ್ಮ ಧಡಕ್ಕನೆ ಎದ್ದು ನಿಂತಳು.

"ಬಾಯಿ ಮುಚ್ಕೊಂಡವ್ನೆ! ಉಸಿರಿಲ್ಲ! ಸತ್ತ, ಸತ್ತ!"

ಚೆಡುಗುಡುವಿನಲ್ಲಿ ಉಸಿರು ಬಿಟ್ಟವನು ಸತ್ತ ಹಾಗೆ, ಆಟದಿಂದ ಹೊರಗೆ. ಅವಳ ಪಾಲಿಗೆ ಎಲ್ಲ ಆಟಕ್ಕೂ ಅದೇ ಕಾನೂನು. ಇಂಗ್ಲಿಷ್ ಬಲ್ಲ ಸ್ಕೂಲು ಮೇಷ್ಟ್ರು ನಾಚಿಕೊಂಡೇ ಅದನ್ನು ಸಿಪಾಯಿಗಳಿಗೆ ತಿಳಿಸಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಉದ್ದನೆಯವನು ಮಾತ್ರ ಸ್ವಲ್ಪ ತಡೆದು ನಕ್ಕ. ಯುದ್ಧಕ್ಕೆ ಬಂದವನಲ್ಲವೇ, ಪಾಪ.

ಅವನೇ ಹತ್ತಿರ ಬಂದು ಕೂತ. ದೊಡ್ಡಮ್ಮ ಬೀಜ ಕೊಟ್ಟಳು, ಕಡಿಯಲಾರದೆ ದವಡೆ ಹಿಡಿದುಕೊಂಡ. ನಿಮ್ಮೂರಲ್ಲೂ ಎಲ್ಲರೂ ಇದನ್ನೇ ನೋಡುತ್ತಾರಾ ಎಂದು ಮೇಷ್ಟ್ರ ಬಾಯಿಂದ ಕೇಳಿಸಿದಳು. ಅವನ ತಾತನ ಕಾಲದಲ್ಲಿ ಜನ ಗುದ್ದಾಟಕ್ಕೆ ಮುಗಿಬೀಳುತ್ತಿದ್ದರಂತೆ, ಅಪ್ಪನ ಕಾಲಕ್ಕೆ ಈ ದೊಣ್ಣೆಯಾಟಕ್ಕೆ. ಈಗ ತಮ್ಮನಿಗೆ ಇದೂ ಬೇಡ, ತೆಂಗಿನಕಾಯಿಯಂಥ ಚೆಂಡು ಅವುಚಿಕೊಂಡು ಡಿಕ್ಕಿ ಹೊಡೆಯುವ ಆಟದ ಹುಚ್ಚು. ತಾನು ಊರಿಗೆ ಹೋಗುವಷ್ಟರಲ್ಲಿ ಇನ್ನು ಯಾವುದೋ, ಅಂದನಂತೆ.

"ಜನ ಹೋಗ್ಲಿ ಕಣಪ್ಪಾ. ನಿನಗ್ಯಾವುದು ಇಷ್ಟವೋ ನೀನು ಕೂತ್ಕೊಂಡು ನೋಡು," ಅಂದಳು. ಮೇಷ್ಟ್ರು ಅದನ್ನು ಹೇಳಿದರೋ ಇಲ್ಲವೋ... ಅವನು ಎದ್ದು ಸೆಲ್ಯೂಟು ಹೊಡೆದ.

ಕೆಲವು ತಿಂಗಳಲ್ಲಿ ಡೇರೆಗಳು ಎದ್ದುಹೋದವು. ಚೆಂಡಾಟವೂ ಹೋಯಿತು, ಆದರೆ ಚೆಡುಗುಡು ಹಿಂದಿರುಗಲಿಲ್ಲ. ಗಂಡಸರು ಅಂಗಡಿ ಜಗಲಿಯಲ್ಲಿ ಇಸ್ಪೀಟು ಹಿಡಿದು ಕೂತರು. ಮೈದುನ ಎತ್ತಿನ ಗಾಡಿ, ಹಾರೆ ತಂದು ಬಯಲಲ್ಲಿ ನಿಂತ. ದೊಡ್ಡಮ್ಮ ಕಲ್ಲಿನ ಮೇಲೇ ಇದ್ದಳು.

"ಆಟ ಇಲ್ಲ, ಜನ ಇಲ್ಲ. ಇಲ್ಲೇನು ನೋಡ್ತೀರಿ?"

"ಜನ ಇಲ್ವಾ? ನಾನು ಜನ ಅಲ್ವೇನೋ?"

ನಾನು ಹೋಗಿ ಅವಳ ಕಾಲ ಬಳಿ ಕೂತುಬಿಟ್ಟೆ. ಮನೆಯಲ್ಲಿ ಅತ್ತೆ ಏನಂದಾರೋ ಎಂಬ ಭಯವನ್ನು ಅತ್ತ ಸರಿಸಿದೆ. ನೀರಿಗೆ ಹೊರಟಿದ್ದ ಇಬ್ಬರು ಬಿಂದಿಗೆ ಇಳಿಸಿ ಕೂತರು. ಹಾರೆ ಹಿಡಿದವನು ಇಷ್ಟು ಹೆಂಗಸರನ್ನು ಹೇಗೆ ಎಬ್ಬಿಸುತ್ತಾನೆ? ಗೊಣಗುತ್ತಾ ಗಾಡಿ ತಿರುಗಿಸಿದ.

ಅಂದಿನಿಂದ ಸಂಜೆಯಾದರೆ ನಾವು ಖಾಲಿ ಬಯಲಿಗೆ ಮುಖ ಮಾಡಿ ಬೀಜ ಕಡಿಯುತ್ತಾ ಕೂರುತ್ತಿದ್ದೆವು. ಊರವರು ನಗಲಿ ಬಿಡಿ. ಹೆಂಗಸರು ಅಷ್ಟು ಜನ ನೋಡಲು ಕೂತಿದ್ದಾರೆ ಎಂದರೆ ಗಂಡಸು ಎಷ್ಟು ದಿನ ಸುಮ್ಮನಿದ್ದಾನು? ಒಂದು ದಿನ ಯಾರೋ ಕಾಲಲ್ಲಿ ಗೆರೆ ಎಳೆದರು. ಮೊದಲು ಬಂದವನು ಗೆರೆ ದಾಟಿ ಎರಡು ಹೆಜ್ಜೆಗೇ ಉಸಿರು ಬಿಟ್ಟ. ದೊಡ್ಡಮ್ಮ ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ.

ಅವಳು ಹೋಗಿ ಬಹಳ ವರ್ಷವಾಯಿತು. ಬಯಲಿನ ಮೇಲೆ ಈಗ ವಿಮಾನ ನಿಲ್ದಾಣಕ್ಕೆ ಹೋಗುವ ಕಾರುಗಳು ಓಡುತ್ತವೆ. ಆ ಕಲ್ಲು ಯಾವ ಮೋರಿಯಡಿ ಸೇರಿತೋ ಗೊತ್ತಿಲ್ಲ. ಅವಳಿಲ್ಲದ್ದು ಇವತ್ತಿಗೂ ನನಗೆ ಸಂಕಟವೇ.

ಮೊನ್ನೆ ಆ ಬೀಜವೊಂದನ್ನು ಬಾಯಿಗೆ ಹಾಕಿಕೊಂಡೆ. ಕಡಿಯಲು ಹಲ್ಲಿಲ್ಲ, ದವಡೆಯಲ್ಲಿಟ್ಟುಕೊಂಡೇ ಟಿವಿಯಲ್ಲಿ ಕಬಡ್ಡಿ ನೋಡುತ್ತಿದ್ದೆ. ಮೊಮ್ಮಗ ಬಂದು ರಿಮೋಟಿಗೆ ಕೈಹಾಕಿದ. "ಕ್ರಿಕೆಟ್ ಹಾಕ್ತೀನಿ ಅಜ್ಜಿ, ಇದನ್ನ ಯಾರೂ ನೋಡ್ತಾ ಇಲ್ಲ," ಅಂದ.

ರಿಮೋಟನ್ನು ಕಿತ್ತು ಮಡಿಲಲ್ಲಿಟ್ಟುಕೊಂಡೆ.

"ನಾನು ಜನ ಅಲ್ವೇನೋ?"