ಗೋಡೆಗೆ ಒರಗಲಾರದವಳಿಗೆ ಪಂಪಾಪತಿ ಕೊಟ್ಟ ಬೆನ್ನು

ಶರಣ ಬಂಧುಗಳೇ, ಹೋದ ಜೀವ ಮರಳಿ ಬಂತೆಂದು ಕಾಯಿ ಒಡೆಸಿ ಸಂತೋಷದಿಂದ ಬರೆಯುವವರು ಬಹಳ ಜನ. ನಾನು ಬರೆಯುತ್ತಿರುವುದು ಜೀವ ಬಂದ ಮೇಲಿನ ಸಂಕಟ. ಅದನ್ನು ಕೇಳುವವರು ಕಡಿಮೆ.

ನಮ್ಮದು ಕಂಪ್ಲಿ ಹತ್ತಿರ, ಕಾಲುವೆ ಕೆಳಗಿನ ಭತ್ತದ ಗದ್ದೆ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕಳೆ ತೆಗೆಯುತ್ತಿದ್ದಾಗ ನಾಗರಹಾವು ಕಾಲಿಗೆ ಕಚ್ಚಿತು. ನಮ್ಮ ಮನೆಯವರು ಅಕ್ಕಿ ಗಿರಣಿಯ ಲಾರಿ ತಡೆದು ನನ್ನನ್ನು ಬಳ್ಳಾರಿಯ ಆಸ್ಪತ್ರೆಗೆ ಸಾಗಿಸಿದರು. ದಾರಿಯಲ್ಲೇ ರೆಪ್ಪೆ ಬಿದ್ದವು, ನಾಲಿಗೆ ಹೊರಳಲಿಲ್ಲ. ಗಂಟಲಿಗೆ ಕೊಳವೆ ಇಳಿಸಿ ಉಸಿರಾಡಿಸುವ ಮಿಷನ್ನಿಗೆ ಹಾಕಿದರು. ನನಗೆ ಎಚ್ಚರವಿಲ್ಲವೆಂದೇ ಎಲ್ಲರೂ ತಿಳಿದರು. ಕೈಕಾಲು, ಕಣ್ಣು ಸತ್ತಿದ್ದವು ನಿಜ. ಕಿವಿ ಸತ್ತಿರಲಿಲ್ಲ, ಮೈ ಮುಟ್ಟಿದ್ದೂ ತಿಳಿಯುತ್ತಿತ್ತು.

ನರ್ಸಮ್ಮ ಕೊರಳಿನ ಶಿವದಾರ ಬಿಚ್ಚಿ, ನನ್ನ ಇಷ್ಟಲಿಂಗವನ್ನು ನಮ್ಮ ಮನೆಯವರ ಕೈಗೆ ಕೊಟ್ಟಳು. ಆಮೇಲೆ ಮೈ ಒರೆಸಿ, ಬೆನ್ನಿಗೆ ದಿಂಬು ಕೊಟ್ಟು ಎತ್ತಿ ಕೂಡಿಸಿದರು. ಎದೆಯಲ್ಲಿ ಕಫ ಕಟ್ಟಬಾರದೆಂದು ಹಾಗೆ ಮಾಡುತ್ತಾರಂತೆ. ಅದನ್ನು ನನಗೆ ಯಾರು ಹೇಳಬೇಕು? ನಮ್ಮಲ್ಲಿ ತೀರಿಕೊಂಡವರಿಗೆ ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸುತ್ತೇವೆ. ಕೂಡಿಸಿಯೇ ಮಣ್ಣು ಕೊಡುತ್ತೇವೆ. ನಾನು ತೀರಿಕೊಂಡೆನೆಂದೇ ತಿಳಿದೆ. ಹೆಣದ ಅಂಗೈಯಲ್ಲೂ ಇರುವ ಲಿಂಗ ನನ್ನಲ್ಲಿರಲಿಲ್ಲ. ಒಳಗೊಳಗೇ ಕೂಗಿದೆ. ಆಗ ಕಿವಿಯ ಪಕ್ಕದಲ್ಲೇ ನಮ್ಮ ಮನೆಯವರು ಮೈದುನನಿಗೆ ಹೇಳುತ್ತಿದ್ದರು:

"ಡಾಕ್ಟ್ರು ಕೈಬಿಟ್ಟಾರ. ನೀ ಜಲ್ದಿ ಊರಿಗೆ ಹೋಗು. ಕಾಲುವಿ ಹೊಲದಾಗ ಅವ್ವನ ಸಮಾಧಿ ಮಗ್ಗಲಕ್ಕ ಕುಣಿ ತೋಡಿಸಿಡು."

ಸ್ವಾಮಿಯ ಕೃಪೆ, ಔಷಧ ಹತ್ತಿತು. ರೆಪ್ಪೆ ಎದ್ದವು, ಬೆರಳು ಆಡಿದವು, ಮನೆಗೆ ಬಂದೆ. ನೋಡಲು ಊರೇ ಬಂತು. "ಶಿವಾ ಉಳಿಸ್ಯಾನ, ಇನ್ನೇನ ಬೇಕವಾ ನಿನಗ?" ಎಂದು ಬಂದವರೆಲ್ಲ ಕೇಳುವವರೇ. ಗದ್ದೆಯ ಪಂಪ್‌ಸೆಟ್ ಶುರುವಾದರೆ ಆ ಮಿಷನ್ ನೆನಪಾಗಿ ಉಸಿರು ಕಟ್ಟುತ್ತಿತ್ತು. ಗೋಡೆಗೆ ಬೆನ್ನು ತಾಗಿದರೆ ಮೈ ಬೆವರುತ್ತಿತ್ತು. ಸ್ನಾನ ಮಾಡಿ, ವಿಭೂತಿ ಧರಿಸಿ, ಕೂತು ಲಿಂಗಪೂಜೆ ಮಾಡಿಕೊಳ್ಳುವುದು ಹುಡುಗಿಯಾಗಿದ್ದಾಗಿನಿಂದ ಬಂದ ನೇಮ. ಅದನ್ನೇ ಮಾಡಲಾರದವಳಾದೆ.

"ಗಾಳಿ ಸೋಕೈತಿ," ಎಂದಳು ನೆಗೆಣ್ಣಿ, ಮೈದುನನ ಹೆಂಡತಿ. ಪಾಪ, ಅವಳಿಗೆ ನನ್ನ ಮೇಲೆ ಕಕ್ಕುಲಾತಿಯೇ. ನನ್ನನ್ನು ಮಣೆಯ ಮೇಲೆ ಕೂಡಿಸಿ ನೀರು ಹಾಕಿದಳು, ಮೈತುಂಬ ವಿಭೂತಿ ಬಳಿದಳು, ಕೊರಳಿಗೆ ಹೂವಿನ ಹಾರ ಹಾಕಿದಳು. ನಾನು ಚೀರಿ, ಒದ್ದೆ ಸೀರೆಯಲ್ಲೇ ಅಂಗಳಕ್ಕೆ ಓಡಿದೆ. ನನ್ನ ಒಳ್ಳೆಯದಕ್ಕೆಂದು ಮಾಡಿದ್ದೆಲ್ಲ ಹೆಣಕ್ಕೆ ಮಾಡುವಂಥದ್ದೇ ಆಗಿತ್ತು.

ನಮ್ಮ ಮನೆಯವರಿಗೆ ಏನೂ ಹೇಳಲಿಲ್ಲ. ಅವರ ಮುಖ ಕಂಡರೆ ಆ ಕುಣಿಯೇ ಕಣ್ಣ ಮುಂದೆ. ಪ್ರೀತಿಯಿಂದ ಹಾಲು ತಂದುಕೊಟ್ಟರೂ ಮಗ್ಗಲು ಬದಲಿಸಿ ಮಲಗುತ್ತಿದ್ದೆ. ಕೈಹಿಡಿದವರೇ ಮಣ್ಣು ಅಗೆಸಿದರೆ ಯಾರನ್ನು ನಂಬಲಿ? ಮಲಗಿದಲ್ಲೇ ಹಂಪಿಯ ಸ್ವಾಮಿಯನ್ನು ಬೇಡಿಕೊಂಡೆ: "ಪಂಪಾಪತಿ, ಒಂದು ಸಲ ಹೆದರದೆ ಕೂತು ನಿನ್ನನ್ನು ಅಂಗೈಯಲ್ಲಿ ನೋಡುವಂತೆ ಮಾಡು. ಆಗದಿದ್ದರೆ, ಅಂದು ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸಿಬಿಡು."

ಒಂದು ಸೋಮವಾರ ಅವರು ನನ್ನನ್ನು ಬಸ್ಸಿನಲ್ಲಿ ಹಂಪಿಗೆ ಕರೆದುಕೊಂಡು ಹೋದರು. ಹೊಳೆಯಲ್ಲಿ ಮುಖ ತೊಳೆದು ಗುಡಿಯ ಅಂಗಳದ ಮಂಟಪಕ್ಕೆ ಬಂದೆವು. "ಇಲ್ಲೇ ಕುಂತು ಪೂಜಿ ಮಾಡ್ಕೊ," ಎಂದರು. ಕಂಬದ ತಣ್ಣನೆ ಕಲ್ಲು ಬೆನ್ನಿಗೆ ತಾಗಿತು. ನಾನು ನಡುಗಿದ್ದನ್ನು ಅವರು ನೋಡಿದರು. ನನಗೂ ಕಂಬಕ್ಕೂ ನಡುವೆ ಬಂದು, ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತರು.

"ಕಂಬ ಬ್ಯಾಡ. ನನಗ ಆತುಗೊಂಡು ಕುಂದ್ರು."

ಬೆಚ್ಚಗಿನ ಬೆನ್ನು, ಉಸಿರಿಗೆ ಏಳುತ್ತಿತ್ತು, ಇಳಿಯುತ್ತಿತ್ತು. ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ಸ್ವಲ್ಪ ಹೊತ್ತಿಗೆ ಆ ಬೆನ್ನೇ ನಡುಗತೊಡಗಿತು.

"ನೀಲಾ, ನಾ ಪಾಪಿ ಅದೀನಿ. ನೀ ಇನ್ನಾ ಉಸಿರಾಡಾಕತ್ತಿದ್ದಿ, ನಾ ಕುಣಿ ತೋಡಿಸೀನಿ."

"ಗೊತ್ತೈತ್ರಿ. ನೀವು ಹೇಳಿದ್ದು ಕೇಳೀನಿ."

ಅವರ ಉಸಿರು ನಿಂತಂತಾಯಿತು. "ನಿನ್ನ ಲಿಂಗ ಎದಿಗೆ ಹಿಡಕೊಂಡು ಆಸ್ಪತ್ರಿ ಮೆಟ್ಟಲ ಮ್ಯಾಲ ಕುಂತಿದ್ದೆ. ಒಬ್ಬಾಕಿನ ಹೋಗತಿ, ಕತ್ತಲಾಗ ಹೆದರತಿ ಅಂತ ಅವ್ವನ ಮಗ್ಗಲಕ್ಕ ಅಂದೆ."

ಬಂಧುಗಳೇ, ಇಷ್ಟು ದಿನ ನನ್ನನ್ನು ಸುಟ್ಟ ಮಾತು ನನ್ನ ಅಂಜಿಕೆ ನೆನೆದು ಆಡಿದ ಮಾತಾಗಿತ್ತು. ಇಬ್ಬರೂ ಹಿಂದಿರುಗಿ ನೋಡದೆ, ಬೆನ್ನಿಗೆ ಬೆನ್ನು ಹಚ್ಚಿ ಅತ್ತೆವು. ಅಳುತ್ತಲೇ ಪೂಜೆ ಮುಗಿಸಿದೆ. ಬೇಡಿದ್ದು ಸಿಕ್ಕಿತ್ತು.

ಅಂಜಿಕೆ ಪೂರಾ ಹೋಯಿತೆಂದು ಸುಳ್ಳು ಬರೆಯಲಾರೆ. ಪಂಪ್‌ಸೆಟ್ಟಿನ ಸದ್ದಿಗೆ ಇಂದಿಗೂ ಬೆಚ್ಚುತ್ತೇನೆ. ಆದರೆ ಅಲ್ಲಿಂದಾಚೆ ನನ್ನ ಪೂಜೆ ತಪ್ಪಲಿಲ್ಲ. ದಿನಾ ಬೆಳಿಗ್ಗೆ ಅವರು ಬಂದು ನನ್ನ ಬೆನ್ನ ಹಿಂದೆ ಕೂಡುತ್ತಿದ್ದರು.

ಹೋದ ವರ್ಷ ಅವರು ಎದೆನೋವಿನಿಂದ ತೀರಿಕೊಂಡರು. ಮೈ ತೊಳೆದು, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಗೋಡೆಗೆ ಒರಗಿಸಿದರು. ಅದನ್ನು ನೋಡಿ ನಾನು ಓಡಿಹೋಗಬೇಕಿತ್ತು. ಓಡಲಿಲ್ಲ. ಅವರಿಗೂ ಗೋಡೆಗೂ ನಡುವೆ ಹೋಗಿ, ಅವರ ಬೆನ್ನಿಗೆ ನನ್ನ ಬೆನ್ನು ಕೊಟ್ಟು ಕೂತೆ. ಆ ಧೈರ್ಯ ನನ್ನದಲ್ಲ, ಪಂಪಾಪತಿಯದು. ಅವನ ಪಾದಕ್ಕೆ ಶರಣು ಎಂದು ಬರೆಯುತ್ತಿರುವುದು ಅದಕ್ಕೇ.

ಬಾಗಿಲಲ್ಲಿ ಮೈದುನ ಕುಣಿ ತೋಡಲು ಯಾರಿಗೋ ಹೇಳತೊಡಗಿದ್ದ.

"ಹೊರಗ ಹೋಗಿ ಮಾತಾಡ್ರಪ್ಪಾ," ಎಂದೆ. "ಅವರಿಗೆ ಕೇಳಸ್ತೈತಿ."