ಕೈಗುಣವಂತೆ, ಕೈಗುಣ!

ಆ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ಮೊದಲು ಹಾಗೆ ಕರೆದವನು ಅವಳ ಮೈದುನ. ಅವನ ಬಾಯಿಂದ ಕೇಳಿ ಕೇಳಿ ಗಿರಾಕಿಗಳಿಗೂ ಅವಳು ಅತ್ತಿಗೆಯಾದಳು. ಗಂಡ ನಗ್ಗಿದ ತಗಡನ್ನು ತಟ್ಟಿ ನೇರ ಮಾಡುತ್ತಿದ್ದ, ಮೈದುನ ಗಿರಾಕಿಗಳನ್ನು ಮಾತಾಡಿಸುತ್ತಿದ್ದ. ಬಣ್ಣದ ಗನ್ನು ಮಾತ್ರ ಅವಳ ಕೈಯಲ್ಲೇ.

ಕಾರು ಕನ್ನಡಿಯಂತೆ ಹೊಳೆದಾಗ ಜನ ಆಡುತ್ತಿದ್ದದ್ದು ಒಂದೇ ಮಾತು: "ಅತ್ತಿಗೆ ಕೈಗುಣ!" ಅದನ್ನು ಕೇಳಿದರೆ ಅವಳ ಮೈ ಉರಿಯುತ್ತಿತ್ತು. ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸುವವಳು ಅವಳು. ಗಾಳಿಯ ಟ್ಯಾಂಕಿನಿಂದ ನೀರು ಬಸಿಯುವವಳು ಅವಳು. ಕೈ ನಿಧಾನಿಸಿದರೆ ಬಣ್ಣ ಸೋರಿ ಕಣ್ಣೀರಿನಂತೆ ಇಳಿಯುತ್ತದೆ, ಗನ್ನು ದೂರ ಹಿಡಿದರೆ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ. ಬಣ್ಣಕ್ಕೆ ಜಿಡ್ಡು ತಗುಲೀತೆಂದು ತಲೆಗೆ ಎಣ್ಣೆ ಹಚ್ಚುವುದನ್ನೇ ಬಿಟ್ಟಿದ್ದಳು. ಜಡೆ ನಾರಿನ ಹಗ್ಗವಾಗಿತ್ತು. ಇಷ್ಟೆಲ್ಲ ಮಾಡುವುದು ಅವಳು, ಹೆಸರು ಮಾತ್ರ ಕೈಗುಣಕ್ಕೆ!

ಬಾಡಿಗೆಗೆ ಓಡಿಸುವವನೊಬ್ಬನ ಕಪ್ಪು ಕಾರು ಬಂದಿತ್ತು. ಬಣ್ಣ ಹೊಡೆದು ಹಿಂದೆ ಸರಿಯುವಷ್ಟರಲ್ಲಿ ಬಾನೆಟ್ಟಿನ ತುಂಬ ಸಣ್ಣ ಸಣ್ಣ ಗುಳಿ. ಬಣ್ಣ ಸುತ್ತಲೂ ಸರಿದುಹೋಗಿ, ಆ ಗುಳಿಗಳು ಮೀನಿನ ಕಣ್ಣುಗಳಂತೆ ಮಿಟುಕಿಸದೆ ಅವಳನ್ನೇ ನೋಡುತ್ತಿದ್ದವು. ಒಣಗಿದ ಮೇಲೆ ಎಲ್ಲವನ್ನೂ ಉಜ್ಜಿ ತೆಗೆದಳು. ಗನ್ನು ಬಿಚ್ಚಿ ತೊಳೆದಳು, ಫಿಲ್ಟರು ಬದಲಿಸಿದಳು, ಬಣ್ಣಕ್ಕೆ ಮುಂಚೆ ಒರೆಸಲೆಂದೇ ಕಪಾಟಿನಲ್ಲಿ ಬೇರೆಯಾಗಿಟ್ಟ ತನ್ನ ಮಡಿ ಬಟ್ಟೆಯಿಂದ ಒರೆಸಿದ್ದೇ ಒರೆಸಿದ್ದು. ಮತ್ತೆ ಹೊಡೆದರೆ ಗುಳಿಗಳು ಇನ್ನೂ ಹೆಚ್ಚು.

ಕಾರಿನವನಿಗೆ ಮೈದುನ ಸಮಾಧಾನ ಹೇಳುತ್ತಿದ್ದ, ಅವಳಿಗೆ ಕೇಳಿಸುವಂತೆಯೇ.

"ಬೇಜಾರು ಮಾಡ್ಕೋಬೇಡಿ ಸಾರ್. ವಯಸ್ಸಾಯ್ತು ನೋಡಿ, ಅತ್ತಿಗೆ ಕೈಗುಣ ಹೋಯ್ತು. ನಾಳೆಯಿಂದ ಬೇರೆ ಪೇಂಟರ್ ಬರ್ತಾನೆ. ಅತ್ತಿಗೆ ಬಣ್ಣ ತಾಗದ ಹಾಗೆ ಗಾಜಿಗೆ ಪೇಪರ್ ಅಂಟಿಸ್ಕೊಂಡು ಇರ್ತಾರೆ."

"ನಾನಿನ್ನೂ ಇಲ್ಲೇ ನಿಂತಿದೀನಿ ಕಣಪ್ಪ," ಎಂದಳು ಅವಳು. "ಸತ್ತೋರ ವಿಷಯ ಮಾತಾಡಿದ ಹಾಗೆ ಮಾತಾಡ್ತೀಯಲ್ಲ!"

"ಹಾಗಲ್ಲ ಅತ್ತಿಗೆ, ನಿಮ್ಮ ಒಳ್ಳೇದಕ್ಕೇ..."

"ನನ್ನ ಒಳ್ಳೇದನ್ನ ನಿನ್ನ ಕೈಗೆ ಯಾವಾಗಪ್ಪ ಕೊಟ್ಟಿದ್ದೆ?"

ಗಂಡನ ಕಡೆ ನೋಡಿದಳು. ಅವನು ಆಗಲೇ ನೇರವಾಗಿದ್ದ ತಗಡನ್ನು ಮತ್ತೆ ಮತ್ತೆ ತಟ್ಟುತ್ತಿದ್ದ.

ಇನ್ನೊಮ್ಮೆ ಒರೆಸಿ ನೋಡೋಣವೆಂದು ಕಪಾಟಿನ ಬಟ್ಟೆಗೆ ಕೈ ಹಾಕಿದಳು. ಬೆರಳು ಜಾರಿದಂತಾಯಿತು. ಮೂಸಿದಳು. ಹಣ್ಣಿನ ಸೆಂಟಿನ ವಾಸನೆ!

"ನನ್ನ ಬಟ್ಟೆ ಯಾರು ಮುಟ್ಟಿದ್ದು?"

"ನಾನೇ," ಎಂದ ಮೈದುನ. "ಮೊನ್ನೆ ಆ ಬಿಳಿ ಕಾರಿನ ಡ್ಯಾಶ್‌ಬೋರ್ಡಿಗೆ ಪಾಲಿಶ್ ಹಾಕಿದೆ. ನೀವಿಟ್ಟ ಹಾಗೇ ಮಡಚಿ ಇಟ್ಟಿದೀನಲ್ಲ!" ಮಡಚಿಟ್ಟಿದ್ದಕ್ಕೆ ಹೆಮ್ಮೆ ಬೇರೆ.

ಪಾಲಿಶಿನ ಆ ಜಿಡ್ಡು ಕಣ್ಣಿಗೆ ಕಾಣದು, ಆದರೆ ಬಣ್ಣವನ್ನು ತನ್ನ ಮೇಲೆ ನಿಲ್ಲಗೊಡದು. ಅವಳು ಒರೆಸಿದ್ದಲ್ಲ, ಜಿಡ್ಡು ಬಳಿದದ್ದು. ಎಷ್ಟು ಜತನ ಮಾಡಿದ್ದಳೋ ಅಷ್ಟೂ ಕೆಟ್ಟಿತ್ತು!

ಮೂಲೆಯಲ್ಲಿದ್ದ ಹಳೆಯ ಬಾಗಿಲೊಂದನ್ನು ಎಳೆದು ತಂದು ಥಿನ್ನರಿನಲ್ಲಿ ತೊಳೆದಳು. ಅರ್ಧವನ್ನು ಆ ಬಟ್ಟೆಯಿಂದ, ಇನ್ನರ್ಧವನ್ನು ಹೊಸ ಬಟ್ಟೆಯಿಂದ ಒರೆಸಿದಳು. ಗನ್ನು ಎತ್ತಿ ಒಂದೇ ಓಟದಲ್ಲಿ ಪೂರ್ತಿ ಬಾಗಿಲಿಗೆ ಬಣ್ಣ ಹೊಡೆದಳು. ಅರ್ಧ ಕನ್ನಡಿ, ಅರ್ಧ ಗುಳಿ.

ಕಾರಿನವನು ಬಗ್ಗಿ ನೋಡಿದ. "ಅರೆ! ಅದೇ ಕೈ, ಅದೇ ಬಣ್ಣ!"

"ಹೋಗ್ಲಿ ಬಿಡಿ ಅತ್ತಿಗೆ, ಗೊತ್ತಾಯ್ತಲ್ಲ," ಎಂದು ಮೈದುನ ನಕ್ಕ.

"ಯಾಕೆ ಬಿಡ್ಲಿ? ನನ್ನ ಕೈ ಹೋಯ್ತು ಅಂದಾಗ ಇಡೀ ಬೀದಿಗೆ ಕೇಳಿಸ್ತು. ಇದನ್ನೂ ಅಷ್ಟೇ ಜೋರಾಗಿ ಹೇಳು."

ಅವನು ಏನೋ ಗೊಣಗಿದ. ಕಂಪ್ರೆಸರಿನ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಆಗ ಗಂಡ ಸುತ್ತಿಗೆ ಕೆಳಗಿಟ್ಟು ಎದ್ದುಹೋಗಿ ಸ್ವಿಚ್ಚು ಆರಿಸಿದ. ಶೆಡ್ಡು ಗಪ್ಪಾಯಿತು.

"ಈಗ ಹೇಳೋ," ಎಂದ ತಮ್ಮನಿಗೆ.

"ತಪ್ಪು ನಂದು ಸಾರ್. ಅತ್ತಿಗೇದಲ್ಲ."

"ಆ ಪೇಂಟರ್‌ಗೂ ಹೇಳು, ಬರೋದು ಬೇಡ ಅಂತ," ಎಂದಳು ಅವಳು.

ಮೈದುನ ಅಲ್ಲೇ ನಿಂತು ಫೋನು ಮಾಡಿದ. ಅವನು ಫೋನು ಜೇಬಿಗಿಡುವ ಮುಂಚೆಯೇ ಅವಳು ಉಜ್ಜುವ ಕಾಗದವನ್ನು ಅವನ ಇನ್ನೊಂದು ಕೈಗೆ ತುರುಕಿದಳು.

"ಬಾನೆಟ್ಟಿನ ಜಿಡ್ಡು ತೆಗೆದು ನೀನೇ ಉಜ್ಜು. ಒಂದು ಗುಳಿ ಉಳಿದ್ರೂ ನಾನು ಗನ್ನು ಮುಟ್ಟಲ್ಲ."