ಬಸಣ್ಣನಿಗೆ ಓದಿ ಹೇಳಿದ ಪ್ರಪೋಸಲ್

ಟ್ಯಾಂಕಿನಲ್ಲಿ ನೀರೆಷ್ಟಿದೆ ಅಂತ ನೋಡಿ ಮೋಟರನ್ನು ತಾನೇ ಆನ್, ಆಫ್ ಮಾಡುವ ಯಂತ್ರ ನಮ್ಮದು. ಕಂಪನಿ ಅಂದರೆ ನಾನು, ನನ್ನ ಗೆಳೆಯ, ಗಂಗಾನಗರದಲ್ಲೊಂದು ರೂಮು. ಯಲಹಂಕದ ಹತ್ತಿರ ತಮ್ಮ ಹೊಲದಲ್ಲೇ ನಾಲ್ಕು ಅಪಾರ್ಟ್‌ಮೆಂಟ್ ಕಟ್ಟಿಸಿದ್ದ ಗೌಡರಿಗೆ ಇಪ್ಪತ್ತು ಪುಟದ ಇಂಗ್ಲಿಷ್ ಪ್ರಪೋಸಲ್ ಒಯ್ದಿದ್ದೆ. ಒಪ್ಪಿದರೆ ಅದೇ ನಮ್ಮ ಮೊದಲ ದೊಡ್ಡ ಆರ್ಡರ್.

ಗೌಡರು ಪುಟಗಳನ್ನೆಲ್ಲ ತಿರುವಿ ನನ್ನ ಕೈಗೇ ವಾಪಸ್ ಕೊಟ್ಟರು. "ನಮ್ ಬಸಣ್ಣ ಬರ್ಲಿ ತಾಳಿ. ಮೋಟರ್ ನೋಡ್ಕೊಳ್ಳೋನು ಅವ್ನೇ. ಅವ್ನಿಗೆ ಕನ್ನಡದಲ್ಲಿ ಓದಿ."

ರಾಯಚೂರಿನ ಬಸಣ್ಣ ಒದ್ದೆ ಕೈ ಒರೆಸಿಕೊಂಡು ಎದುರಿಗೆ ಕೂತ. ನಾನು ಕನ್ನಡ ಮಾಡಿ ಹೇಳುತ್ತಾ ಹೋದೆ. "ಚಲೋ ಐತ್ರೀ ಸರ್" ಅಂತ ಅವನು ಖುಷಿಯಿಂದ ತಲೆಯಾಡಿಸುತ್ತಿದ್ದ. ಆರನೇ ಪುಟದಲ್ಲಿ ನಾನೇ ದಪ್ಪಕ್ಷರದಲ್ಲಿ ಹಾಕಿದ್ದ ಸಾಲು ಬಂತು: ಮೋಟರ್ ನೋಡಿಕೊಳ್ಳಲು ಇನ್ನು ಆಳು ಬೇಕಿಲ್ಲ. ಸುಮ್ಮನೆ ಕೆಮ್ಮಿ ಪುಟ ತಿರುಗಿಸಿದೆ.

"ಒಂದ್ ಸಾಲು ಬಿಟ್ರಲ್ಲ" ಅಂದರು ಗೌಡರು. ಇಂಗ್ಲಿಷ್ ಬರಲ್ಲ ಅಂತ ಅವರೇನೂ ಹೇಳಿರಲಿಲ್ಲ, ಅಂದುಕೊಂಡವನು ನಾನು.

"ಅದು ಬೇಡ ಗೌಡ್ರೇ."

"ಬ್ಯಾಡ ಅಂದ್ರೆ ಗೀಟ್ ಎಳೀರಿ. ಆಮೇಲ್ ಸೈನ್ ಆಕ್ತೀನಿ" ಅಂತ ಪೆನ್ನು ಕೊಟ್ಟರು.

"ಯಾವ ಸಾಲ್ರೀ?" ಬಸಣ್ಣ ಬಗ್ಗಿ ನೋಡಿದ.

"ಏನಿಲ್ಲ ಕಣೋ, ಪ್ರಿಂಟಿಂಗ್ ತಪ್ಪು" ಅಂದರು ಗೌಡರು.

ಈಗ ಯಾವುದೇ ಪ್ರಪೋಸಲ್ ಬರೆದಾದ ಮೇಲೆ, ಎದುರಿಗೆ ಬಸಣ್ಣ ಕೂತಿದ್ದಾನೆ ಅಂದುಕೊಂಡು ಒಮ್ಮೆ ಗಟ್ಟಿಯಾಗಿ ಓದ್ತೀನಿ. ಪ್ರತಿ ಸಲವೂ ಒಂದೆರಡು ಪ್ರಿಂಟಿಂಗ್ ತಪ್ಪು ಸಿಕ್ಕೇ ಸಿಗುತ್ತೆ.